ಕದ್ದರೆ ಕೀಚೈನು, ಇಲ್ಲವೇ ಕಲ್ಲುಗುಡ್ಡ

ಶ್ರೀರಂಗಪಟ್ಟಣ ತಾಲ್ಲೂಕಿಗೆ ಡಿಸ್ನಿಲ್ಯಾಂಡ್ ಬರುತ್ತದೆಂಬ ಸುದ್ದಿಗೆ ಈಗ ಶಾಲೆಗೆ ಸೇರಿಸುವಷ್ಟು ವಯಸ್ಸಾಗಿದೆ. 2018ರಲ್ಲಿ ಕೆಆರ್‌ಎಸ್ ಬುಡದಲ್ಲಿ 125 ಅಡಿಯ ಕಾವೇರಿ ತಾಯಿ ನಿಲ್ಲುತ್ತಾಳೆ ಎಂದರು. ತಾಯಿ ಇನ್ನೂ ನಿಂತಿಲ್ಲ. 2024ರ ಜುಲೈನಲ್ಲಿ ಬೃಂದಾವನವನ್ನು 2,663 ಕೋಟಿ ರೂಪಾಯಿಯಲ್ಲಿ ವಿಶ್ವದರ್ಜೆಗೆ ಏರಿಸುವ ಯೋಜನೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನಾಲೆಗೆ ನೀರು ಕೇಳಿದವರಿಗೆ ನೀರಿನ ಮೇಲೆ ಆಡುವ ಆಟ ಯಾಕೆ ಎಂದು ರೈತರು ಬೀದಿಗಿಳಿದರು. ಆ ಜಗಳ ಇನ್ನೂ ಜೀವಂತವಾಗಿದೆ. ಅದು ಮುಗಿಯುವುದರೊಳಗೆ ನಮ್ಮ ಕಡೆಯ ಜನ ಒಂದು ವಿದ್ಯೆ ಕಲಿತಿಡುವುದು ಒಳ್ಳೆಯದು. ಉಯ್ಯಾಲೆ ಹತ್ತುವುದನ್ನು ಅಲ್ಲಿನವರೇ ಹೇಳಿಕೊಡುತ್ತಾರೆ. ಆದರೆ ಅಲ್ಲಿನ ಅಂಗಡಿಯಲ್ಲಿ ಸಿಕ್ಕಿಬಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ.

ಸಿಕ್ಕಿಬೀಳುವುದಂತೂ ಖಂಡಿತ. ಇಂಥ ಪಾರ್ಕುಗಳನ್ನು ಕಟ್ಟುವವರು ಜಾಣರು. ಒಳಗೆ ಹೋಗಲು ಟಿಕೆಟ್ ಕೌಂಟರು, ಹೊರಗೆ ಬರಲು ಆಟಿಕೆ ಅಂಗಡಿ. ನೀರಲ್ಲಿ ನೆಂದು, ತಲೆ ತಿರುಗಿ, ಜೇಬು ಖಾಲಿಯಾದ ಮೇಲೆ ಮನೆಗೆ ಹೋಗಬೇಕೆಂದರೆ ಬೊಂಬೆ, ಟೋಪಿ, ಕೀಚೈನುಗಳ ನಡುವೆ ನುಸುಳಿಕೊಂಡೇ ಹೋಗಬೇಕು. ಸಂತೆಯಲ್ಲಾದರೆ ವ್ಯಾಪಾರಿ ಮಾಲಿನ ಮುಂದೆಯೇ ಕೂತಿರುತ್ತಾನೆ, "ಮುಟ್ಬೇಡ ಕಣಯ್ಯ" ಎನ್ನುತ್ತಾನೆ. ಇಲ್ಲಿ ಮುಟ್ಟಲೆಂದೇ ಇಟ್ಟಿರುತ್ತಾರೆ, ಕಾಯುವವನು ಮಾತ್ರ ಮೇಲೆ ಸೂರಿನಲ್ಲಿ ಕ್ಯಾಮೆರಾ ಆಗಿ ನೇತಾಡುತ್ತಿರುತ್ತಾನೆ.

ಕೆ.ಆರ್.ಪೇಟೆಯ ಬಿ.ಕಾಂ. ಹುಡುಗನೊಬ್ಬ ಗೆಳೆಯರ ಜೊತೆ ಬಂದು 650 ರೂಪಾಯಿಯ ಕೀಚೈನೊಂದನ್ನು ಪ್ಯಾಂಟಿನ ಜೇಬಿಗೆ ಇಳಿಸಿದ ಎಂದಿಟ್ಟುಕೊಳ್ಳಿ. ವಯಸ್ಸು 19. ಅವನ ಬಳಿ ಬೀಗವೂ ಇಲ್ಲ, ಬೈಕೂ ಇಲ್ಲ. ಗೇಟಿನಲ್ಲಿ ಯಂತ್ರ ಕಿರುಚಿತು. ಸೆಕ್ಯುರಿಟಿಯವರು ತೋಳು ಹಿಡಿದು ಹಿಂದಿನ ರೂಮಿಗೆ ಕರೆದೊಯ್ದರು. ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ, ದಾರದಲ್ಲಿ ಕಟ್ಟಿದ ಪೆನ್ನು, ಅಂಚು ಮಡಚಿಕೊಂಡ ರಿಜಿಸ್ಟರು. ಗೋಡೆಯ ಮೇಲೆ "ಕಳ್ಳತನ ಮಾಡಿದವರಿಗೆ ಹತ್ತು ಪಟ್ಟು ದಂಡ". ಈ ದಂಡವನ್ನು ಯಾವ ವಿಧಾನಸಭೆ ಪಾಸು ಮಾಡಿತೋ ಆ ಫಲಕ ಅಂಟಿಸಿದವರನ್ನೇ ಕೇಳಬೇಕು.

ಭಾರತದ ನ್ಯಾಯ ವ್ಯವಸ್ಥೆ ನಿಧಾನ ಎನ್ನುವವರು ಈ ರೂಮನ್ನು ನೋಡಿಲ್ಲ. ಇಲ್ಲಿ ಎಫ್‌ಐಆರ್, ಸಾಕ್ಷಿ, ವಾದ, ತೀರ್ಪು, ವಸೂಲಿ ಎಲ್ಲವೂ ಇಪ್ಪತ್ತು ನಿಮಿಷದೊಳಗೆ. ಮೇಲ್ಮನವಿಗೆ ಮಾತ್ರ ಅವಕಾಶವಿಲ್ಲ. ತಪ್ಪೊಪ್ಪಿಗೆ ಬರೆಸಿಕೊಳ್ಳುವುದು ಇಲ್ಲಿನ ಮೊದಲ ಕೆಲಸ. "ಬರ್ಕೊಟ್ಬುಡು, ಬುಟ್ಬುಡ್ತೀವಿ" ಎನ್ನುತ್ತಾರೆ. ಹುಡುಗ ಬರೆದುಕೊಡುತ್ತಾನೆ, ಕಾಗುಣಿತ ತಪ್ಪಿಲ್ಲದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಕೋರ್ಟಿನ ಬಾಗಿಲಲ್ಲೇ ತಡೆಯುತ್ತದೆ. ಸೆಕ್ಯುರಿಟಿಯವರಿಗೆ ಬರೆದುಕೊಟ್ಟದ್ದು, ಹೆದರಿಸಿ ಬರೆಸಿದ್ದೆಂದು ತೋರಿಸದ ಹೊರತು, ಒಳಗೆ ಹೋಗಬಹುದು. ಹೀಗಾಗಿ ಲಾಠಿಯವನಿಗಿಂತ ಪೆನ್ನಿಗೆ ದಾರ ಕಟ್ಟಿದವನಿಗೇ ಹೆಚ್ಚು ಹೆದರಬೇಕು.

ಅವನನ್ನು ಹಿಡಿದು ಕೂರಿಸಿಕೊಳ್ಳುವ ಅಧಿಕಾರವಾದರೂ ಅವರಿಗಿದೆಯೇ? ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಪ್ರಕಾರ, ತನ್ನ ಕಣ್ಣೆದುರೇ ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧ ನಡೆದರೆ ಖಾಸಗಿ ವ್ಯಕ್ತಿ ಹಿಡಿಯಬಹುದು. ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 650 ರೂಪಾಯಿಯ ಕೀಚೈನು ಆ ಮಟ್ಟದ ಅಪರಾಧವೇ ಅಲ್ಲ. ರೂಮಿಗೆ ಚಿಲಕ ಹಾಕಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ನಿನ ಅಕ್ರಮ ಬಂಧನ. "ಆರೂವರೆ ಸಾವಿರ ಕೊಡು, ಇಲ್ದಿದ್ರೆ ಪೊಲೀಸು" ಎಂದರೆ ಅದೇ ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿನ ಸುಲಿಗೆಯ ವಾಸನೆ. ಒಂದು ಕಳ್ಳತನವನ್ನು ಹಿಡಿಯಲು ಹೋಗಿ ಎರಡು ಅಪರಾಧ ಮಾಡುವುದು ಈ ರೂಮಿನ ವಿಶೇಷ.

ಈಗ ಕಾನೂನಿನ ಕರುಣೆಯ ಕಡೆ ಬರೋಣ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 379ರ ಜಾಗದಲ್ಲಿ 303(2). ಕಳವಿಗೆ ಮೂರು ವರ್ಷದವರೆಗೆ ಜೈಲು, ಅದು ಮೊದಲಿನಂತೆಯೇ. ಆದರೆ ಬಾಲವೊಂದು ಅಂಟಿದೆ: ಕದ್ದದ್ದು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಮೊದಲ ಸಲ ಶಿಕ್ಷೆಗೆ ಗುರಿಯಾಗುತ್ತಿದ್ದು, ಮಾಲನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಇಷ್ಟೇ ಅಲ್ಲ, ಇಂಥ ಕಳವು ಈಗ ಅಸಂಜ್ಞೇಯ, ಜಾಮೀನು ಸಿಗುವ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಯನ್ನೂ ಮಾಡುವಂತಿಲ್ಲ, ವಾರಂಟಿಲ್ಲದೆ ಕೈಯನ್ನೂ ಹಾಕುವಂತಿಲ್ಲ. ಅಂದರೆ ನಮ್ಮ ಹುಡುಗನನ್ನು "ಅರೆಸ್ಟ್ ಮಾಡಿದರು" ಎಂದು ಊರೆಲ್ಲ ಹಬ್ಬಿದ ಸುದ್ದಿ ಕಾನೂನಿನ ಪ್ರಕಾರ ಸುಳ್ಳು, ಸ್ಟೇಷನ್ನಿನ ಬೆಂಚಿನ ಪ್ರಕಾರ ನಿಜ.

ಇಷ್ಟು ಓದಿ ಯಾರೂ ಸಂತೋಷದಿಂದ ಪಾರ್ಕಿಗೆ ಓಡಬೇಡಿ. ಅದೇ ಸಂಹಿತೆಯಲ್ಲಿ 305 ಎಂಬ ಇನ್ನೊಂದು ಸೆಕ್ಷನ್ ಇದೆ. ವಾಸದ ಮನೆಯಲ್ಲಿ, ಅಥವಾ ಮಾಲು ಕಾಪಾಡಲು ಬಳಸುವ ಕಟ್ಟಡದಲ್ಲಿ ಕದ್ದರೆ ಏಳು ವರ್ಷದವರೆಗೆ. ಅಲ್ಲಿ 5,000ದ ರಿಯಾಯಿತಿ ಇಲ್ಲ, ಸಮುದಾಯ ಸೇವೆ ಇಲ್ಲ, ಜಾಮೀನು ಹಕ್ಕೂ ಅಲ್ಲ. ಆಟಿಕೆ ಅಂಗಡಿ ಮಾಲು ಮಾರುವ ಜಾಗವೋ, ಕಾಪಾಡುವ ಜಾಗವೋ? ಈ ಗಹನವಾದ ತತ್ತ್ವಜಿಜ್ಞಾಸೆಯನ್ನು ಮೊದಲ ಹಂತದಲ್ಲಿ ಬಗೆಹರಿಸುವವರು ಊಟಕ್ಕೆ ಹೊತ್ತಾಗಿರುವ ಸಬ್‌ಇನ್‌ಸ್ಪೆಕ್ಟರು. 303 ಬರೆದರೆ ಕಸ ಗುಡಿಸುವುದು, 305 ಬರೆದರೆ ಕಂಬಿ ಎಣಿಸುವುದು. ಹಾಗೆ ಬರೆದರೂ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ನೆನಪಿಸಬಹುದು: ಏಳು ವರ್ಷದವರೆಗಿನ ಪ್ರಕರಣದಲ್ಲಿ ಬಂಧನ ಅಭ್ಯಾಸಬಲದಿಂದ ಆಗಬಾರದು, ಕಾರಣ ಬರೆದಿಡಬೇಕು, ಸಾಮಾನ್ಯವಾಗಿ ಹಾಜರಾಗಲು ನೋಟಿಸ್ ಸಾಕು. ಬಂಧಿಸಿದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ. ಹುಡುಗನಿಗೆ 18 ತುಂಬಿರದಿದ್ದರೆ ಲಾಕಪ್ಪಿನ ಮಾತೇ ಇಲ್ಲ, ಬಾಲನ್ಯಾಯ ಮಂಡಳಿಯ ದಾರಿ.

ಇದನ್ನೆಲ್ಲ ನೆನಪಿಸಬೇಕಾದವರು ವಕೀಲರು. ಆದರೆ ನಮ್ಮಲ್ಲಿ ಮೊದಲು ಬರುವುದು ಮಾವ. ಮಂಡ್ಯ ಜಿಲ್ಲೆಯಲ್ಲಿ ಮಾವನಿಲ್ಲದ ಆರೋಪಿ ಇಲ್ಲ. ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ, ಬಿಳಿ ಅಂಗಿ, ಎರಡು ಫೋನು. "ಅದೆಷ್ಟಪ್ಪ ಅದು? ಆರ್‌ನೂರೈವತ್ತಾ? ನಮ್ಮನೆ ಹುಡುಗ ಕದ್ರೂ ಒಂದು ಲೆವೆಲ್ಲಿಗೆ ಕದೀಬಾರದೇನ್ಲಾ" ಎಂದು ಮೊದಲು ಅಳಿಯನಿಗೇ ಬೈಯುತ್ತಾನೆ. ಆಮೇಲೆ "ಎಮ್ಮೆಲ್ಲೆ ಕೈಲಿ ಒಂದು ಮಾತು ಹೇಳುಸ್ತೀನಿ" ಎನ್ನುತ್ತಾನೆ. ಆ ಮಾತು ಬರುವುದರೊಳಗೆ ಆಗಬೇಕಾದ್ದು ಆಗಿರುತ್ತದೆ.

ಮಾವನ ಎರಡನೆಯ ಸಲಹೆ ಮೊದಲನೆಯದಕ್ಕಿಂತ ಅಪಾಯಕಾರಿ: "ತಪ್ಪಾಯ್ತು ಅಂತ ಒಪ್ಕೊಂಡು ಫೈನು ಕಟ್ಟಿ ಬಾ, ಮುಗ್ದೋಯ್ತದೆ." ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಒಪ್ಪಿಕೊಂಡರೆ ಅದು ದೋಷನಿರ್ಣಯ. ಕಸ ಗುಡಿಸುವ ಶಿಕ್ಷೆಯಾದರೂ ಶಿಕ್ಷೆಯೇ. ನಾಳೆ ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೋ, ಕೆಎಎಸ್ಸಿಗೋ ಅರ್ಜಿ ಹಾಕಿದಾಗ ಒಂದು ಅಂಕಣ ಹಲ್ಲು ಕಿರಿದು ಕೂತಿರುತ್ತದೆ. ಅದನ್ನು ಮುಚ್ಚಿಟ್ಟರೆ ಇನ್ನೂ ಕಷ್ಟ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ಷುಲ್ಲಕ ಪ್ರಕರಣಗಳನ್ನು ನೇಮಕಾತಿಯವರು ಮನ್ನಿಸಬಹುದೆಂದಿದೆ. ಮನ್ನಿಸಬಹುದು, ಮನ್ನಿಸಲೇಬೇಕೆಂದಲ್ಲ.

ಹಾಗಾದರೆ ಒಳ್ಳೆಯ ದಾರಿ ಯಾವುದು? ರಾಜಿ. 303(2)ರ ಕಳವನ್ನು ಮಾಲಿನ ಒಡೆಯ ರಾಜಿ ಮಾಡಿಕೊಳ್ಳಬಹುದು ಎನ್ನುತ್ತದೆ ಸುರಕ್ಷಾ ಸಂಹಿತೆಯ 359ನೇ ಸೆಕ್ಷನ್. ರಾಜಿಯಾದರೆ ಖುಲಾಸೆಯಾದಂತೆ. ಲೋಕ ಅದಾಲತ್ತಿನಲ್ಲೂ ಆಗುತ್ತದೆ. ಪಾರ್ಕಿನ ಮಾಲೀಕರಿಗೆ ವಾಯಿದೆಗೆ ಕೀಚೈನು ಹಿಡಿದುಕೊಂಡು ಓಡಾಡುವುದಕ್ಕಿಂತ ಮಾಲು ವಾಪಸ್ ಪಡೆದು ಸಹಿ ಹಾಕುವುದೇ ಲಾಭ. 305 ಬಿದ್ದಿದ್ದರೆ ಆ ಬಾಗಿಲು ಮುಚ್ಚಿರುತ್ತದೆ. ಸೆಕ್ಷನ್ ತಪ್ಪೆಂದು ವಾದಿಸಬೇಕು, ಇಲ್ಲವೇ ಹೈಕೋರ್ಟಿಗೆ ಹೋಗಿ 528ರಡಿ ಪ್ರಕರಣ ರದ್ದು ಮಾಡಿ ಎಂದು ಕೇಳಬೇಕು. ಆ ಖರ್ಚಿನಲ್ಲಿ ಆ ಅಂಗಡಿಯ ಅರ್ಧ ಗೋಡೆ ಕೀಚೈನು ಬರುತ್ತದೆ.

ರಾಜಿಯಾಗದಿದ್ದರೆ ನಮ್ಮ ಅಜ್ಜಂದಿರ ಕಾಲದ ಕಾನೂನೊಂದಿದೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಹಿಂದೆ ಶಿಕ್ಷೆಯಾಗದವನನ್ನು ಎಚ್ಚರಿಕೆ ಹೇಳಿ ಬಿಟ್ಟುಬಿಡಬಹುದೆಂದು ಅದರ 3ನೇ ಸೆಕ್ಷನ್ ಹೇಳುತ್ತದೆ. ಹಳೆಯ 379, 380 (ಈಗಿನ 303(2), 305) ಎರಡನ್ನೂ ಹೆಸರು ಹಿಡಿದೇ ಹೇಳಿದೆ. 21ರೊಳಗಿನವನನ್ನು ಜೈಲಿಗೆ ಕಳಿಸುವ ಮೊದಲು ನ್ಯಾಯಾಧೀಶರು ಕಾರಣ ಬರೆಯಬೇಕು. 12ನೇ ಸೆಕ್ಷನ್ ಪ್ರಕಾರ ಈ ದೋಷನಿರ್ಣಯದಿಂದ ಅನರ್ಹತೆ ಅಂಟುವುದಿಲ್ಲ. ಇಷ್ಟು ಒಳ್ಳೆಯ ಕಾಯ್ದೆ ಇದೆಯೆಂದು ಮಾವನಿಗೆ ಗೊತ್ತಿಲ್ಲ, ಏಕೆಂದರೆ ಅದರ ಹೆಸರಿನಲ್ಲಿ ಯಾರೂ ಫ್ಲೆಕ್ಸ್ ಹಾಕಿಸಿಲ್ಲ. ವಕೀಲರಿಗೆ ದುಡ್ಡಿಲ್ಲವೆಂದರೆ 15100ಕ್ಕೆ ಫೋನು ಮಾಡಿ. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರು.

ಅಸಲಿ ಡಿಸ್ನಿಯಲ್ಲೇ ಕದಿಯುತ್ತೇನೆ ಎನ್ನುವ ಸಾಫ್ಟ್‌ವೇರ್ ಅಳಿಯಂದಿರಿಗೆ ಒಂದು ಮಾತು. ಒರ್ಲಾಂಡೊ ಇರುವ ಫ್ಲಾರಿಡಾದಲ್ಲಿ 100 ಡಾಲರ್‌ಗಿಂತ ಕಡಿಮೆಯ ಕಳವಿಗೆ ಹೆಚ್ಚೆಂದರೆ 60 ದಿನ. ಅಲ್ಲಿ ಗೋಡೆಯ ಫಲಕದ ಬದಲು ಕಾನೂನೇ ಅಂಗಡಿಯವನಿಗೆ ಮೂರು ಪಟ್ಟು, ಕನಿಷ್ಠ 200 ಡಾಲರ್, ಕೇಳುವ ಹಕ್ಕು ಕೊಟ್ಟಿದೆ. ಮೊದಲ ಸಲದವರಿಗೆ ತರಗತಿ, ಸೇವೆ ಮುಗಿಸಿ ಪ್ರಕರಣ ಕೈಬಿಡಿಸಿಕೊಳ್ಳುವ ವ್ಯವಸ್ಥೆಯೂ ಉಂಟು. ಸಮಸ್ಯೆ ಜೈಲಲ್ಲ, ವೀಸಾ. ಕಳವು ಅವರ ವಲಸೆ ಕಾನೂನಿನಲ್ಲಿ ನೈತಿಕ ಅಧಃಪತನದ ಅಪರಾಧ. ಅಲ್ಲಿ ಒಪ್ಪಿಗೆ ಹೇಳಿ ಕ್ಲಾಸಿಗೆ ಕೂತರೂ ವಲಸೆ ಇಲಾಖೆ ಅದನ್ನೇ ದೋಷನಿರ್ಣಯವೆಂದು ಎಣಿಸಬಹುದು. 2025ರಲ್ಲಿ ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿಯೇ ಕಳ್ಳತನ ಮಾಡಿದರೆ ವೀಸಾ ಹೋದೀತೆಂದು ಎಚ್ಚರಿಸಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಮ್ಮ ಜಿಲ್ಲೆ ಸರಿಯಾಗಿ ಅರ್ಥ ಮಾಡಿಕೊಂಡಿದೆ: ಅಡಿಕೆಗೆ ಕೈ ಹಾಕಬೇಡ, ನೇರವಾಗಿ ಆನೆಗೇ ಹಾಕು. ಪಾಂಡವಪುರದ ಬೇಬಿ ಬೆಟ್ಟದ ಸುತ್ತ ಕಲ್ಲು ಸಿಡಿದದ್ದು ಜೇಬಿನಲ್ಲಿ ಬಚ್ಚಿಟ್ಟುಕೊಂಡಲ್ಲ. ಟಿಪ್ಪರ್ ಹೊರಟಾಗ ಯಾವ ಗೇಟಿನ ಯಂತ್ರವೂ ಕಿರುಚಲಿಲ್ಲ. ಸದ್ದು ಅಣೆಕಟ್ಟಿಗೆ ಕೇಳಿಸಿದ ಮೇಲೆ, 2024ರ ಜನವರಿಯಲ್ಲಿ ಹೈಕೋರ್ಟು ಕೆಆರ್‌ಎಸ್ಸಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಿ ಎಂದಿತು. ನದಿಯ ಮರಳನ್ನು ಕದ್ದರೆ ಅದೂ ಕಳ್ಳತನವೇ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಬಾಯಿಬಿಟ್ಟು ಹೇಳಬೇಕಾಯಿತು. ಅಲ್ಲಿಯವರೆಗೆ ಅದನ್ನು ಏನೆಂದು ಕರೆಯಬೇಕೆಂಬ ಬಗ್ಗೆ ದೇಶದಲ್ಲಿ ಪಂಡಿತರ ಚರ್ಚೆ ನಡೆದಿತ್ತು. ಗಣಿ ಕಾಯ್ದೆಯ 23ಎ ಸೆಕ್ಷನ್ನಿನಲ್ಲಿ ಅಕ್ರಮ ಗಣಿಗಾರಿಕೆಗೂ ದುಡ್ಡು ಕಟ್ಟಿ ರಾಜಿಯಾಗುವ ಅವಕಾಶವಿದೆ. ಅಂದರೆ ರಾಜಿ ಇಬ್ಬರಿಗೂ ಸಿಗುತ್ತದೆ. ಹುಡುಗ ಕೀಚೈನು ವಾಪಸ್ ಕೊಡಬೇಕು. ಗುಡ್ಡವನ್ನು ವಾಪಸ್ ಕೊಡುವುದು ಹೇಗೆಂದು ಯಾರೂ ಕೇಳುವುದಿಲ್ಲ.

ದೊಡ್ಡದಾಗಿ ಕದಿಯುವ ಈ ವಿದ್ಯೆಗೆ ಶ್ರೀರಂಗಪಟ್ಟಣವೇ ತವರು. 1799ರ ಮೇ 4ರಂದು ಟಿಪ್ಪುವಿನ ಕೋಟೆ ಬ್ರಿಟಿಷರ ಕೈಗೆ ಬಿದ್ದ ರಾತ್ರಿ ಲೂಟಿಯಾಗದ ಮನೆ ಉಳಿಯಲಿಲ್ಲ. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವು ಸಿಪಾಯಿಗಳನ್ನು ನೇಣಿಗೆ ಹಾಕಿ, ಹಲವರಿಗೆ ಚಾಟಿ ಹೊಡೆಸಿ ಶಾಂತಿ ಸ್ಥಾಪಿಸಿದ. ಅದಾದ ಮೇಲೆ ಸಮಿತಿ ಕೂತಿತು, ಖಜಾನೆ ಎಣಿಸಿತು, ಹುದ್ದೆಗೆ ತಕ್ಕಂತೆ ಪಾಲು ಹಂಚಿತು. ಸೇನಾಪತಿಗೆ ದೊಡ್ಡ ಗಂಟು, ಸಿಪಾಯಿಗೆ ಚಿಲ್ಲರೆ. ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ, ಸಿಂಹಾಸನದ ರತ್ನಖಚಿತ ಹುಮಾ ಹಕ್ಕಿ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಸ್ವಂತಕ್ಕೆ ಕದ್ದವನು ಗಲ್ಲಿಗೆ, ರಸೀದಿ ಹಾಕಿ ಕದ್ದವನು ಗಾಜಿನ ಪೆಟ್ಟಿಗೆಗೆ. ಆ ಮ್ಯೂಸಿಯಮ್ಮಿಗೂ ಒಂದು ಅಂಗಡಿ ಇದೆ. ಅಲ್ಲಿ ಏನನ್ನಾದರೂ ಎತ್ತಿ ಜೇಬಿಗಿಟ್ಟುಕೊಂಡರೆ ಹಿಡಿಯುತ್ತಾರೆ.

ನಮ್ಮ ಹುಡುಗನ ಕಥೆಗೆ ಬಂದರೆ, ರಾಜಿಯಾಗಲಿಲ್ಲ, ಪರಿವೀಕ್ಷಣಾ ಕಾಯ್ದೆಯನ್ನು ಯಾರೂ ಎತ್ತಲಿಲ್ಲ, ಸಮುದಾಯ ಸೇವೆಯೇ ಗತಿಯಾಯಿತು ಎನ್ನೋಣ. ಸಂಬಳವಿಲ್ಲದೆ ಸಮುದಾಯಕ್ಕೆ ಉಪಯೋಗವಾಗುವ ಕೆಲಸ ಎಂದಷ್ಟೇ ಕಾನೂನು ಹೇಳುತ್ತದೆ. ಎಷ್ಟು ದಿನ, ಯಾವ ಕೆಲಸ, ಕೋರ್ಟಿಗೆ ಬಿಟ್ಟದ್ದು. ಕರಿಘಟ್ಟಕ್ಕೆ ಹಾಕಿದರೆ ಬೆಟ್ಟದ ಮೇಲೆ ವೈಕುಂಠ ಶ್ರೀನಿವಾಸನ ಗುಡಿ, ಕೆಳಗೆ ಲೋಕಪಾವನಿ ಕಾವೇರಿ ಸೇರುವ ನೋಟ, ಮೆಟ್ಟಿಲುದ್ದಕ್ಕೂ ಭಕ್ತರು ಬಿಟ್ಟುಹೋದ ಚಿಪ್ಸ್ ಪ್ಯಾಕೆಟ್ಟು, ಬಾಟಲಿ. ಕಸ ಎಸೆದವರಲ್ಲಿ ಒಬ್ಬನಿಗೂ ಶಿಕ್ಷೆಯಾಗಿಲ್ಲ, ಹೆಕ್ಕುವವನಿಗೆ ಆಗಿದೆ. ಮಾವ ಮಾತ್ರ ಈಗ ಖುಷಿಯಲ್ಲಿದ್ದಾನೆ. ವಕೀಲರನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದಾನೆ: "ಸಾರ್, ಕರೀಘಟ್ಟದಲ್ಲಿ ಕಸ ಎತ್ತಿದ್ದಕ್ಕೆ ಕೋರ್ಟಿಂದ ಒಂದು ಸರ್ಟಿಫಿಕೇಟು ಬತ್ತದಾ? ಕಾಲೇಜಲ್ಲಿ ಎನ್‌ಎಸ್‌ಎಸ್ಸಿಗೆ ಆಯ್ತದಲ್ಲ."