ಒಂದು ವರ್ಷ ಬಿಟ್ಟು ಒಂದು ವರ್ಷ

ಚುನಾವಣೆಯಲ್ಲಿ ನೆಲಕಚ್ಚಿದ ಪಕ್ಷ ಮತ್ತೆ ಎದ್ದೀತೇ ಎಂದು ಹೇಳಬಲ್ಲ ವಿಶ್ಲೇಷಕರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಆದರೆ ಅವರು ಫಲಿತಾಂಶದ ಮಾರನೇ ದಿನವಷ್ಟೇ ಸರಿಯಾಗಿ ಹೇಳುತ್ತಾರೆ. ಅದಕ್ಕೇ ಶ್ರೀನಿವಾಸಪುರದ ತೋಪೊಂದರ ಹಿರಿಯ ಬಾದಾಮಿ ಮಾವಿನ ಮರವನ್ನು ಮಾತಿಗೆಳೆದೆವು. ಒಂದು ವರ್ಷ ಕೊಂಬೆ ಮುರಿಯುವಷ್ಟು ಕಾಯಿ, ಮರುವರ್ಷ ಉಪ್ಪಿನಕಾಯಿಗೂ ಗತಿಯಿಲ್ಲ. ಸೋಲು ಗೆಲುವಿನಲ್ಲಿ ಇದರಷ್ಟು ಪಳಗಿದವರು ಈ ತಾಲ್ಲೂಕಿನಲ್ಲಿ ಇನ್ನಿಬ್ಬರೇ.

ಪ್ರ: ತಾತ, ಹೀನಾಯವಾಗಿ ಸೋತ ಪಕ್ಷ ಮತ್ತೆ ಎದ್ದೇಳುತ್ತದೆಯೇ?

ಮರ: ಯಾಕೆ ಎದ್ದೇಳಲ್ಲ? 1989ರಲ್ಲಿ ಕಾಂಗ್ರೆಸ್ಸಿಗೆ 178 ಸೀಟು. ಐದು ವರ್ಷಕ್ಕೆ 34. ಮತ್ತೈದು ವರ್ಷಕ್ಕೆ 132. ಬಿಜೆಪಿ ನೋಡು, 2008ರಲ್ಲಿ 110, 2013ಕ್ಕೆ 40, 2018ಕ್ಕೆ 104. ಈ ರಾಜ್ಯದಲ್ಲಿ ಕುರ್ಚಿ ಮೇಲಿದ್ದ ಪಕ್ಷ ಗೆದ್ದು ವಾಪಸ್ ಬಂದಿದ್ದು 1985ರಲ್ಲೇ ಕೊನೆ. ಹಂಗಿದ್ಮೇಲೆ ಸೋತೋನಿಗೇನು ಕೆಲಸ ಐತೆ? ಗೆದ್ದೋನು ಕೆಡೋವರೆಗೂ ಕಾದರೆ ಸಾಕು.

ಪ್ರ: ಹಾಗಾದರೆ ಆತ್ಮಾವಲೋಕನ ಸಭೆಗಳು ಯಾಕೆ?

ಮರ: ಅದು ನನ್ನ ನೆರಳಲ್ಲೇ ನಡೀತದಪ್ಪ, ಶಾಮಿಯಾನ ಹಾಕಿ, ಬಿರಿಯಾನಿ ಬೇಯ್ಸಿ. ಮೊದಲು ಮೆಷೀನು ಮೋಸ ಅಂತಾರೆ. ಆಮೇಲೆ ಅವರು ದುಡ್ಡು ಹಂಚಿದ್ರು ಅಂತಾರೆ. ನಾವು ಕಮ್ಮಿ ಹಂಚಿದ್ವಿ ಅಂತ ಅದರರ್ಥ. ಊಟ ಆದ್ಮೇಲೆ ಪಕ್ಕದಲ್ಲಿ ಕುಂತೋನೇ ಕೈಕೊಟ್ಟ ಅಂತಾರೆ. ಮೂರನೇದು ಒಂದೊಂದ್ಸಲ ನಿಜ ಇರ್ತದೆ.

ಪ್ರ: ನಿಮ್ಮ ತಾಲ್ಲೂಕಿನದೇ ಉದಾಹರಣೆ ಕೊಡಿ.

ಮರ: ಸ್ವಾಮಿ, ರೆಡ್ಡಿ. ಅಷ್ಟೇ. 1978ರಲ್ಲಿ ರಮೇಶ್ ಕುಮಾರ್ ಸ್ವಾಮಿ, 83ರಲ್ಲಿ ವೆಂಕಟಶಿವಾರೆಡ್ಡಿ. 85 ಸ್ವಾಮಿ, 89 ರೆಡ್ಡಿ, 94 ಸ್ವಾಮಿ, 99 ರೆಡ್ಡಿ, 2004 ಸ್ವಾಮಿ, 2008 ರೆಡ್ಡಿ, 2013 ಸ್ವಾಮಿ. ಮಳೆ ಹೆಚ್ಚುಕಮ್ಮಿ ಆದ್ರೆ ನಾನೇ ಲೆಕ್ಕ ತಪ್ತೀನಿ, ಈ ಜನ ಮೂವತ್ತೈದು ವರ್ಷ ತಪ್ಪಲಿಲ್ಲ. 2018ರಲ್ಲಿ ಸ್ವಾಮಿನೇ ಮತ್ತೆ ಗೆದ್ದಾಗ ನಂಗೂ ಗಾಬರಿ ಆಯ್ತು. 2023ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಓಟಲ್ಲಿ ರೆಡ್ಡಿನ ಗೆಲ್ಸಿ ಸರಿ ಮಾಡ್ಕೊಂಡ್ರು.

ಪ್ರ: ಅಂದರೆ ಪಕ್ಷಗಳು ಇಲ್ಲಿ ಸರದಿ ಪ್ರಕಾರ ಚೇತರಿಸಿಕೊಂಡಿವೆ!

ಮರ: ಯಾವ ಪಕ್ಷ? 1999ರಲ್ಲಿ ರೆಡ್ಡಿ ಗೆದ್ದಿದ್ದು ಕೈ ಗುರುತಲ್ಲಿ. 2004ರಲ್ಲಿ ಸ್ವಾಮಿ ಗೆದ್ದಿದ್ದೂ ಕೈ ಗುರುತಲ್ಲೇ. 94ರಲ್ಲಿ ದಳ ಅಂದ್ರೆ ಸ್ವಾಮಿ, 2008ರಲ್ಲಿ ದಳ ಅಂದ್ರೆ ರೆಡ್ಡಿ. ಇದರಲ್ಲಿ ಕಾಂಗ್ರೆಸ್ ಬಿದ್ದಿದ್ದು ಯಾವಾಗ, ಎದ್ದಿದ್ದು ಯಾವಾಗ, ನೀನೇ ಹೇಳು. ಯಾವ ಪಾರ್ಟಿನಪ್ಪ ಅಂತ ಊರೋರನ್ನ ಕೇಳಿದ್ರೆ ಸ್ವಾಮಿ ಪಾರ್ಟಿ, ರೆಡ್ಡಿ ಪಾರ್ಟಿ ಅಂತಾರೆ. ಪಕ್ಷ ಬದಲಾಗಿದ್ದು ಗೋಡೆ ಬರೆಯೋ ಪೇಂಟರಿಗೆ ಮಾತ್ರ ಗೊತ್ತು.

ಪ್ರ: ಕೋಲಾರ ಲೋಕಸಭಾ ಕ್ಷೇತ್ರದಲ್ಲಾದರೂ ಕಾಂಗ್ರೆಸ್ ಎಂಬುದು ಇತ್ತಲ್ಲ?

ಮರ: ಇತ್ತು. 1991ರಿಂದ ಏಳು ಸಲ ಕೆ.ಎಚ್. ಮುನಿಯಪ್ಪ. ಯಾವ ವರ್ಷವೂ ಬರಿದು ಬಿಡಲಿಲ್ಲ. 2019ರಲ್ಲಿ ಬಿಜೆಪಿಯ ಮುನಿಸ್ವಾಮಿ ಎದುರು ಎರಡು ಲಕ್ಷಕ್ಕೂ ಮೇಲೆ ಸೋತ್ರು. ಸರಿ, ಗಾಯ ಮಾಗ್ತದೆ ಅಂದ್ಕೊಂಡೆ. ಮಾಗ್ತು ಕೂಡ, 2023ರಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭೆಗಳಲ್ಲಿ ಐದು ಕಾಂಗ್ರೆಸ್ಸಿಗೆ. ಮಾಲೂರಲ್ಲಂತೂ 248 ಓಟಲ್ಲಿ! ಅಷ್ಟು ಕಾಯಿ ನನ್ನ ಒಂದೇ ಕೊಂಬೆಲಿ ಇರ್ತವೆ.

2024ಕ್ಕೆ ಏನಾಯ್ತು? ಮುನಿಯಪ್ಪನ ಅಳಿಯನಿಗೆ ಟಿಕೆಟ್ ಕೊಟ್ರೆ ರಾಜೀನಾಮೆ ಕೊಡ್ತೀವಿ ಅಂತ ಕಾಂಗ್ರೆಸ್ಸಿನದೇ ಘಟಬಂಧನ್ ಬಣದ ಶಾಸಕರು ಎದ್ದು ಕುಂತ್ರು. ಆ ಕಡೆಗೂ ಬೇಡ ಈ ಕಡೆಗೂ ಬೇಡ ಅಂತ ಗೌತಮ್ ಅನ್ನೋರಿಗೆ ಟಿಕೆಟ್ ಹೋಯ್ತು. ಗೆದ್ದಿದ್ದು ದಳದ ಮಲ್ಲೇಶ್ ಬಾಬು. ಹೊರಗಿನ ರೋಗಕ್ಕೆ ಔಷಧಿ ಹೊಡೀಬೋದು. ಕಾಂಡದೊಳಗೆ ಕುಂತು ಕೊರೆಯೋ ಹುಳಕ್ಕೆ ಎಲೆ ಮೇಲೆ ಎಷ್ಟು ಹೊಡೆದ್ರೂ ಅಷ್ಟೇ.

ಪ್ರ: ದಳ 2023ರಲ್ಲಿ 19ಕ್ಕೆ ಇಳಿದಿತ್ತು. ಮರುವರ್ಷವೇ ಇಲ್ಲಿ ಗೆದ್ದಿತು. ಇದು ಚೇತರಿಕೆ ತಾನೇ?

ಮರ: 2004ರಿಂದ ಲೆಕ್ಕ ಹಾಕು: 58, 28, 40, 37, 19. ಇದು ನನ್ನ ಥರ ಬಿಡುವಿನ ವರ್ಷ ಅಲ್ಲಪ್ಪ, ವಯಸ್ಸು. 2023ರ ಸೆಪ್ಟೆಂಬರಲ್ಲಿ ಎನ್‌ಡಿಎ ಜೊತೆ ಕಸಿ ಆಯ್ತು, 2024ರಲ್ಲಿ ಮೂರು ಕಡೆ ನಿಂತು ಎರಡು ಗೆದ್ರು. ಕಸಿ ತಪ್ಪಲ್ಲ, ನಾನೂ ಕಸಿ ಗಿಡನೇ. ಬುಡ ನಾಟಿ ಮಾವು, ಮೇಲೆ ಬಾದಾಮಿ. ಆದ್ರೆ ಮಂಡಿಯಲ್ಲಿ ನನ್ನ ಹಣ್ಣನ್ನ ಯಾರಾದ್ರೂ ನಾಟಿ ಅಂತ ಮಾರ್ತಾರಾ? ನೀರು ಎಳೆಯೋದು ಬೇರು, ಹೆಸರು ಮೇಲಿನದ್ದು. ದಳದೋರು ತಾವು ಬೇರೋ ಕೊಂಬೆಯೋ ಅಂತ ಮೊದಲು ತಿಳ್ಕೊಳ್ಳಲಿ.

ಪ್ರ: ಕೆನಡಾದಲ್ಲೂ ಹೀಗೇ ಆಯಿತು. ಆಳುತ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ 1993ರಲ್ಲಿ ಎರಡೇ ಸೀಟಿಗೆ ಇಳಿಯಿತು. ಹತ್ತು ವರ್ಷದ ಮೇಲೆ ಇನ್ನೊಂದು ಪಕ್ಷದಲ್ಲಿ ಬೆರೆಯಿತು. ಪ್ರೋಗ್ರೆಸಿವ್ ಎಂಬ ಪದ ಉದುರಿಹೋಯಿತು.

ಮರ: ಅಲ್ಲೂ ಮಾವು ಬೆಳೀತಾರಾ? ಇಲ್ವಾ? ಪಾಪ. ಕಸಿ ಮಾತ್ರ ಕಲ್ತವ್ರೆ.

ಪ್ರ: ಬಿಡುವಿನ ವರ್ಷದಲ್ಲಿ ನೀವು ಮಾಡುವುದಾದರೂ ಏನು?

ಮರ: ಚಿಗುರು. ಕಾಯಿ ಬಿಟ್ಟು ಸುಸ್ತಾದ ಕೊಂಬೆ ತಕ್ಷಣ ಹೂ ಬಿಡಲ್ಲ. ಹೊಸ ಚಿಗುರು ಬಂದು, ಎಲೆ ಬಲಿತು, ಹೊಟ್ಟೆಗೆ ಒಂದಿಷ್ಟು ಸೇರಿದ ಮೇಲೇ ಹೂವು. ಯಾರಿಗೂ ಕಾಣದ ಕೆಲಸ, ಫೋಟೋ ತೆಗೆಯೋಕೂ ಯಾರೂ ಬರಲ್ಲ. ಪಕ್ಷದೋರಿಗೆ ಅಷ್ಟು ತಾಳ್ಮೆ ಎಲ್ಲಿ? ಬಲವಂತವಾಗಿ ಹೂ ಬಿಡಿಸೋ ಔಷಧಿ, ಕಲ್ಟಾರ್, ಬುಡಕ್ಕೆ ಸುರೀತಾರೆ.

ಪ್ರ: ಕಲ್ಟಾರ್ ಎಂದರೆ ಆಪರೇಷನ್ ಕಮಲವೇ?

ಮರ: ನಾನು ಹೆಸರು ಹೇಳಲಿಲ್ಲ, ನೀನೇ ಹೇಳ್ದೆ. 2019ರಲ್ಲಿ 17 ಶಾಸಕರನ್ನ ಅನರ್ಹ ಮಾಡಿದ್ದು ಸ್ಪೀಕರ್ ಆಗಿದ್ದ ಇದೇ ನಮ್ಮ ಸ್ವಾಮಿ. ಆದ್ರೂ ಕಲ್ಟಾರ್ ಕೆಲಸ ಮಾಡ್ತು, ಸರ್ಕಾರ ಬಂತು, 2023ಕ್ಕೆ 66. ಒಂದೆರಡು ಫಸಲು ಜೋರು, ಆಮೇಲೆ ಕೊಂಬೆ ಗಿಡ್ಡ.

ಪ್ರ: ಪಕ್ಷ ಬಿಟ್ಟು ಹೋದವರು?

ಮರ: ಬಂದಳಿಕೆ ನೋಡಿಲ್ವಾ? ಅಗೋ, ಆ ಕೊಂಬೆ ಮೇಲೆ. ಮರ ಒಣಗ್ತಿದ್ರೂ ಅದು ಮಾತ್ರ ಹಸಿರಾಗಿರ್ತದೆ. ದೂರದಿಂದ ನೋಡಿದೋರು ಮರ ಚೆನ್ನಾಗೈತೆ ಅಂದ್ಕೊತಾರೆ.

ಪ್ರ: ಪ್ರತಿವರ್ಷ ತಪ್ಪದೆ ಫಲ ಕೊಡುವ ಪಕ್ಷ ಸಾಧ್ಯವೇ ಇಲ್ಲವೇ?

ಮರ: ಪಕ್ಕದ ತೋತಾಪುರಿನ ಕೇಳು, ಅವನು ವರ್ಷ ತಪ್ಪಲ್ಲ. 2025ರ ಜೂನಲ್ಲಿ ಚಿತ್ತೂರಿನೋರು ಕರ್ನಾಟಕದ ತೋತಾಪುರಿ ಒಳಗೆ ಬಿಡಲ್ಲ ಅಂದ್ರು. ಶ್ರೀನಿವಾಸಪುರ ಬಂದ್ ಆಯ್ತು. ಮುಖ್ಯಮಂತ್ರಿ ಮುಖ್ಯಮಂತ್ರಿಗೆ ಕಾಗದ ಬರೆದ್ರು. ಕೊನೆಗೆ ಕೇಂದ್ರ ಕ್ವಿಂಟಲಿಗೆ 1,616 ರೂಪಾಯಿ ಅಂತ ಲೆಕ್ಕ ಕಟ್ತು. ತೋಪಿನ ಯಜಮಾನ ಸೋತಿದ್ದು ಅವತ್ತು. ಅವನು ಎದ್ದೇಳ್ತಾನಾ ಅಂತ ಕೇಳೋಕೆ ನೀನು ಬರಲಿಲ್ಲ.

ಪ್ರ: ಕೊನೆಯ ಪ್ರಶ್ನೆ. 2028ಕ್ಕೆ ಯಾರು?

ಮರ: ಅದನ್ನ ತೋಪಿನ ಗುತ್ತಿಗೆದಾರನ್ನ ಕೇಳು. ಹೂ ನೋಡಿ ದುಡ್ಡು ಕಟ್ಟೋನು ಅವನು. ಕ್ರೇನಲ್ಲಿ ಎತ್ತಿ ಹಾಕೋ ಸೇಬಿನ ಹಾರಕ್ಕೆ ಆಗ್ಲೇ ಮುಂಗಡ ಕೊಟ್ಟವ್ನೆ. ಯಾರ ಕೊರಳಿಗಪ್ಪ ಅಂದೆ. ಗೆದ್ದೋರ ಕೊರಳಿಗೆ ಅಂದ. ಮಾವಿನ ಸೀಮೆಯಲ್ಲಿ ಸೇಬಿನ ಹಾರ ಯಾಕೆ, ನಮ್ಮ ಕಾಯೇ ಪೋಣಿಸಬಾರದಾ ಅಂದೆ. ‘ಬ್ಯಾಡ ತಾತ, ಸೊನೆ ಬಿದ್ರೆ ನಾಯಕರ ಬಿಳಿ ಷರಟು ಕರೆ ಆಗ್ತದೆ, ಮಾರನೇ ದಿನ ಅದೇ ಷರಟಲ್ಲಿ ಇನ್ನೊಂದು ಪಾರ್ಟಿ ಆಫೀಸಿಗೆ ಹೋಗೋದಿರ್ತದೆ’ ಅಂದ.