ಬಚ್ಚಲೊಲೆಗೆ ಜಾಗ

ಹೊಸ ಮನೆ ಕಟ್ಟಿಸುವ ಮಾತು ಬಂದದ್ದೇ ತಡ, ಹಿರೇಕೊಡಿಗೆಯ ನಮ್ಮನೆಯಲ್ಲಿ ಎಲ್ಲರೂ ಎಂಜಿನಿಯರುಗಳಾದರು. ನಿಜವಾದ ಎಂಜಿನಿಯರು ತಮ್ಮ. ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ನಕ್ಷೆ ಕಳಿಸಿದ. ಓಪನ್ ಕಿಚನ್ನು, ನಾಲ್ಕು ಬಾತ್‌ರೂಮು, ಮೇಲೆ ಚಪ್ಪಟೆ ತಾರಸಿ. ಅಪ್ಪಯ್ಯ ಕನ್ನಡಕ ಏರಿಸಿ ನೋಡಿ, "ಇವನ ಮನೆಗೆ ಮಳೆಗಾಲವೇ ಇಲ್ವೇನೋ?" ಅಂದರು.

ನಮ್ಮ ಕಡೆ ತಾರಸಿ ಹಾಕಿಸಿದವರು ಮೂರ್ನಾಲ್ಕು ಮಳೆಗಾಲ ನೋಡಿ, ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಹೆಂಚೋ ಶೀಟೋ ಹೊದಿಸುತ್ತಾರೆ. ತಲೆಗೆ ಟೋಪಿ, ಟೋಪಿಗೊಂದು ಕೊಡೆ! ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕದೇ ಇದ್ದಿದ್ದರೆ ನಾವಿನ್ನೂ ವರ್ಷಾವರ್ಷ ಸೋಗೆ ಹೊದಿಸುತ್ತ ಕೂರಬೇಕಿತ್ತೋ ಏನೋ.

ಅಷ್ಟಕ್ಕೂ ನಮ್ಮನೆ ಅಂದರೆ ಯಾವುದು? ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ನಮ್ಮೂರಿನಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ. ಮೈಸೂರಿನಲ್ಲಿ ಕಟ್ಟಿಸಿದ ಮನೆಯ ಹೆಸರು 'ಉದಯರವಿ'. ಪ್ರವಾಸಿಗರೆಲ್ಲ ಕುಪ್ಪಳಿಯ ಕವಿಮನೆಗೆ ಹೋಗುತ್ತಾರೆ. "ಹೆತ್ತ ಮನೆ ಲೆಕ್ಕಕ್ಕಿಲ್ವಾ?" ಎಂದು ಅಮ್ಮನಿಗೆ ಸಿಟ್ಟು. ಅದರಲ್ಲಿ ಸ್ವಂತ ದುಃಖವೂ ಸ್ವಲ್ಪ ಬೆರೆತಿದೆ. ಇಲ್ಲಿಗೆ ಬಂದು ನಲವತ್ತಾರು ವರ್ಷವಾದರೂ ಅವಳ ಬಾಯಲ್ಲಿ 'ನಮ್ಮನೆ' ಅಂದರೆ ತವರು. ಅಪ್ಪಯ್ಯನ ಜೊತೆ ಜಗಳವಾದ ದಿನ ಈ ಮನೆ 'ನಿಮ್ಮನೆ'.

ಅಂಥವಳು ಕೇಳಿದ್ದು ಒಂದೇ, ಬಚ್ಚಲೊಲೆ.

"ಸೋಲಾರ್ ಹಾಕಿಸ್ತೀನಲ್ಲಮ್ಮ."

"ಪುನರ್ವಸು ಮಳೆ ಹಿಡಿದಾಗ ನಿನ್ನ ಸೂರ್ಯ ಎಲ್ಲಿರ್ತಾನೆ, ಬೆಂಗಳೂರಲ್ಲಾ?"

ತಮ್ಮನಿಗೆ ಬಚ್ಚಲೊಲೆ ಎಂದರೆ ನೀರು ಕಾಯಿಸುವ ಯಂತ್ರ. ಮಳೆಗಾಲದಲ್ಲಿ ನಮಗೆ ಅದೇ ಹಾಲು, ಅದೇ ಟಿ.ವಿ. ಹಂಡೆಯಡಿ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿರುತ್ತದೆ. ಮೇಲೆ ಹಗ್ಗದಲ್ಲಿ ಮೂರು ದಿನದಿಂದ ಒಣಗದ ಪಂಚೆ ಹೊಗೆ ಕುಡಿಯುತ್ತದೆ. ತೋಟದಿಂದ ಬಂದವರು ಕಾಲಿನ ಇಂಬಳ ಕಿತ್ತು ಬೆಂಕಿಗೆ ಎಸೆಯುತ್ತಾರೆ. ಪಾಲು ಪಟ್ಟಿಯಿಂದ ಹಿಡಿದು ಮದುವೆ ಮಾತಿನವರೆಗೆ ಇತ್ಯರ್ಥವಾದದ್ದೆಲ್ಲ ಅಲ್ಲೇ. ಜಗಲಿಯಲ್ಲಿ ಆಡಿದ್ದು ಬರೀ ಔಪಚಾರಿಕ.

ಎರಡನೇ ನಕ್ಷೆ ಬಂತು. ಹಿತ್ತಲ ಮೂಲೆಯಲ್ಲೊಂದು ಪುಟ್ಟ ಚೌಕ, 'ಯುಟಿಲಿಟಿ'. ಅಮ್ಮ ಫೋನನ್ನು ಅತ್ತಿತ್ತ ತಿರುಗಿಸಿ ನೋಡಿದಳು.

"ಒಲೆ ಸರಿ. ಮಣೆ ಹಾಕ್ಕಂಡು ಕೂರೋದೆಲ್ಲಿ?"

"ಎಷ್ಟು ಜನ ಕೂರ್ತೀರಮ್ಮ?"

ಅಮ್ಮ ಬೆರಳು ಮಡಚಿದಳು. ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು, ನಾನು, ಅಪ್ಪಯ್ಯ. ಕೊನೆಗೆ, "ನಾಯಿಗೂ ಒಂಚೂರು ಬಿಡು" ಅಂದಳು.