ಬೇತಾಳ ಭಾವ

ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಸಾವಿರ ಹೋಳಾಗುತ್ತದೆ ಎಂದು ಬೇತಾಳ ಹೆದರಿಸಿದ್ದು ವಿಕ್ರಮನನ್ನು. ನಿಜಕ್ಕೂ ಹೆದರಿದವರು ಅರಕಲಗೂಡಿನ ನಮ್ಮ ಭಾವ. ಕಥೆಯ ಕೊನೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಅವರಿಂದಾಗದು. ಇಂಥವರು ಊರಿಗೊಬ್ಬರು: ಹೊಳೆನರಸೀಪುರದ ಬಸ್ಸಿನಲ್ಲಿ ಹಿಂದಿನ ಸೀಟು, ಟಾಕೀಸಿನಲ್ಲಿ ಪಕ್ಕದ ಸೀಟು. ನಮ್ಮದು ಮಾತ್ರ ಅಕ್ಕನನ್ನೇ ಕೊಟ್ಟು ಸಂಪಾದಿಸಿಕೊಂಡ ಸಂಬಂಧ.

ಹುಡುಗನಾಗಿದ್ದಾಗ ಚಂದಮಾಮದ ಧಾರಾವಾಹಿಗೆ ತಿಂಗಳಿಡೀ ಕಾಯುತ್ತಿದ್ದೆ. ರಾಜಕುಮಾರ ಗುಹೆಯೊಳಗೆ ಕಾಲಿಟ್ಟ, ಹಿಂದೆ ಯಾರೋ ನಕ್ಕರು. ಅಲ್ಲಿಗೆ ಪುಟ ಮುಗಿಯಿತು. ಮೂವತ್ತು ದಿನ ಆ ನಕ್ಕವನಿಗೆ ನಾನೇ ಕೋರೆಹಲ್ಲು ಹಚ್ಚಿದೆ, ಬಾಲ ಅಂಟಿಸಿದೆ. ಯುಗಾದಿಗೆ ಬಂದ ಭಾವ ಚಪ್ಪಲಿ ಬಿಡುವ ಮೊದಲೇ, “ಅವನು ರಾಕ್ಷಸ ಅಲ್ಲ ಕಣೋ, ಹುಡುಗನ ಚಿಕ್ಕಪ್ಪ” ಅಂದರು. ಹೊಸ ಸಂಚಿಕೆಯನ್ನು ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲೇ ಓದಿ ಮುಗಿಸಿದ್ದರು. ಅವತ್ತು ಒಬ್ಬಟ್ಟು ರುಚಿಸಲಿಲ್ಲ. ಮೂರು ತಿಂದೆ, ಅದು ಬೇರೆ ಮಾತು.

1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದಾಗ ನಮ್ಮನ್ನೆಲ್ಲ ಹಾಸನಕ್ಕೆ ಎಳೆದೊಯ್ದರು. ಹೆಸರು ಬೀಳುವಾಗಲೇ ಶುರು: “ಬೆಂಕಿಪೊಟ್ಟಣದ ಕಾರ್ಖಾನೆ ಕೈಬಿಡತ್ತೆ. ಕೊನೆಗೆ ಆ ಹೆಣ್ಮಗಳು ಪಾರಿವಾಳ ಕೇಳ್ಕೊಂಡು ಬರ್ತಾಳೆ. ಅವಳ ಊಟಕ್ಕೇ ಅಂತ ಅಣ್ಣಾವ್ರು ಅದನ್ನ ಮಾರಿರ್ತಾರೆ.”

“ಸ್ವಲ್ಪ ಸುಮ್ನಿರಿ ಭಾವ, ನೋಡೋಣ.”

“ನೋಡಪ್ಪ, ಬೇಡ ಅಂದೋರ್ಯಾರು?”

ಪಾರಿವಾಳದ ಘಟ್ಟ ಬಂದಾಗ ಪಕ್ಕದ ಸೀಟು ಖಾಲಿ. ಹುಡುಕಿಕೊಂಡು ಹೋದರೆ, ಗೇಟಿನ ಹತ್ತಿರ ಕಡಲೆಕಾಯಿ ಪೊಟ್ಟಣ ಬಿಚ್ಚದೆ ಹಿಡಿದು ನಿಂತಿದ್ದಾರೆ. “ಕೇಳಿದ್ಲಾ?” ಎಂದರು, ಮುಖ ಅತ್ತ ತಿರುಗಿಸಿ. ಲೆಕ್ಕವಿಲ್ಲದಷ್ಟು ಸಲ ನೋಡಿದ ಚಿತ್ರದ ಕೊನೆಯನ್ನು ಅವರು ನೋಡಿದ್ದು ಒಂದೇ ಸಲವಂತೆ.

ಮುಂದೇನು ಅನ್ನುವುದಷ್ಟೇ ಕಥೆಯಾಗಿದ್ದರೆ ನಮ್ಮ ಕಡೆಯ ‘ಕುರುಕ್ಷೇತ್ರ’ ನಾಟಕಕ್ಕೆ ಒಬ್ಬರೂ ಬರುತ್ತಿರಲಿಲ್ಲ. ದುರ್ಯೋಧನನ ತೊಡೆ ಮುರಿಯುವುದು ಹಾರ್ಮೋನಿಯಂ ಮೇಷ್ಟ್ರಿಗೂ ಗೊತ್ತು, ಚಾಪೆ ಹಾಸಿ ಕೂತ ಅಜ್ಜಿಗೂ ಗೊತ್ತು. ಆದರೂ ಕೋಳಿ ಕೂಗುವತನಕ ಕೂತಿರುತ್ತಾರೆ, ಈ ಸಲವಾದರೂ ಸಂಧಾನ ಆದೀತು ಅನ್ನುವ ಹಾಗೆ.

ಮೊನ್ನೆ ಮಗಳು ಹ್ಯಾರಿ ಪಾಟರ್‌ನ ಏಳು ಪುಸ್ತಕಗಳಲ್ಲಿ ಆರನೆಯದನ್ನು ಹಿಡಿದು ಕೂತಿದ್ದಳು. “ಪುಟ್ಟಿ, ಆ ಗಡ್ಡದ ಮೇಷ್ಟ್ರು ಇದಾರಲ್ಲ...” ಎಂದೆ.

ಅವಳು ಕಿವಿ ಮುಚ್ಚಿಕೊಂಡು ಕಿರುಚಿದಳು: “ಅಮ್ಮಾ, ಅಪ್ಪಂಗೂ ಅರಕಲಗೂಡು ಮಾವನ ಕಾಯಿಲೆ!”

ಬಾಯಿ ಮುಚ್ಚಿದೆ. ಹೆಗಲು ಯಾಕೋ ಭಾರವೆನಿಸಿತು.